ಚೀಸ್ ಡಿಪ್‌ಗೆ ನಾಚೋಸ್ ಬಿಡಿ, ಖಡಕ್ ರೊಟ್ಟಿ ತನ್ನಿ

ನೀವು ಕೇಳಿದ್ದು ಇಷ್ಟು: ಹುಬ್ಬಳ್ಳಿಯ ಮನೆಯಲ್ಲಿ ಶನಿವಾರ ಸಂಜೆ 15 ಜನರ ಪಾರ್ಟಿ. ಪಾಲಕ್, ಆರ್ಟಿಚೋಕ್ (ಹೂಮೊಗ್ಗಿನಂಥ ಒಂದು ವಿದೇಶಿ ತರಕಾರಿ) ಹಾಕಿದ, ಅದ್ದಿಕೊಂಡು ತಿನ್ನುವ ಬಿಸಿಬಿಸಿ ಬೇಕ್ಡ್ ಚೀಸ್ ಡಿಪ್ ಮಾಡುವ ಆಸೆ. ಆರ್ಟಿಚೋಕ್ ಸಿಕ್ಕಿಲ್ಲ, ಕ್ರೀಮ್ ಚೀಸ್ ದುಬಾರಿ. ಹಿಂದೊಮ್ಮೆ ಮಾಡಿದಾಗ ಮೇಲೆ ಎಣ್ಣೆ ತೇಲಿತು, ಸ್ವಲ್ಪ ಹೊತ್ತಿಗೆ ರಬ್ಬರ್ ಆಯಿತು. ಮನೆಯಲ್ಲಿರುವುದು ಚಿಕ್ಕ ಓಟಿಜಿ, ಅಂದರೆ ಮೇಜಿನ ಮೇಲಿಡುವ ಕರೆಂಟ್ ಓವನ್. ಬೆಳ್ಳುಳ್ಳಿ ತಿನ್ನದ ಹಿರಿಯರೂ ಬರುತ್ತಾರೆ.

ಮಾಡಬಹುದು ರೀ, ಆರಾಮಾಗಿ ಮಾಡಬಹುದು. ಆದರೆ ಮೊದಲು ಚೀಸ್ ಕಡಿಮೆ ಮಾಡಿ. ವಿಡಿಯೋಗಳಲ್ಲಿ ಮೂರು ನಾಲ್ಕು ಥರದ ಚೀಸ್ ಸುರಿಯುತ್ತಾರಲ್ಲ, ಎಣ್ಣೆ ತೇಲುವುದಕ್ಕೆ ಅದೂ ಒಂದು ಕಾರಣ. ಚೀಸ್ ಅಂದರೆ ಹಾಲಿನ ಪ್ರೋಟೀನಿನ ಬಲೆಯೊಳಗೆ ಸಿಕ್ಕಿಕೊಂಡ ಕೊಬ್ಬು ಮತ್ತು ನೀರು. ಹದವಾದ ಬಿಸಿಗೆ ಬಲೆ ಸಡಿಲಾಗುತ್ತದೆ, ಚೀಸ್ ಕರಗುತ್ತದೆ. ಬಿಸಿ ಜಾಸ್ತಿಯಾದರೆ ಬಲೆ ಬಿಗಿದು ಮುದುಡುತ್ತದೆ, ಕೊಬ್ಬನ್ನು ಹೊರಗೆ ಹಿಂಡಿಬಿಡುತ್ತದೆ. ಮೇಲೆ ತೇಲುವ ಎಣ್ಣೆ ಅದೇ. ಕೆಳಗೆ ಉಳಿಯುವ ಗಟ್ಟಿ ಮುದ್ದೆಯೇ ನಿಮ್ಮ ರಬ್ಬರ್. ನಡುವೆ ಒಂದಿಷ್ಟು ಪಿಷ್ಟ, ಅಂದರೆ ಮೈದಾ ಅಥವಾ ಕಾರ್ನ್‌ಫ್ಲೋರ್ ಇದ್ದರೆ ಇದು ಇಷ್ಟು ಸುಲಭವಾಗಿ ಒಡೆಯುವುದಿಲ್ಲ. ಹಾಗಾಗಿ ಡಿಪ್‌ನ ಬುಡ ವೈಟ್ ಸಾಸ್, ಅಂದರೆ ಬೆಣ್ಣೆ, ಮೈದಾ, ಹಾಲಿನ ಗಟ್ಟಿ ಸಾಸ್ ಆಗಿರಲಿ. ಚೀಸ್ ರುಚಿಗೆ, ಎಳೆಗೆ ಮಾತ್ರ.

ಯಾವ ಚೀಸ್? ಕಿರಾಣಿ ಅಂಗಡಿಯಲ್ಲಿ ಸಿಗುವ ಪ್ರೊಸೆಸ್ಡ್ ಚೀಸ್ ಅಂದರೆ ಕೆಲವರು ಮೂಗು ಮುರಿಯುತ್ತಾರೆ. ಡಿಪ್‌ಗೆ ಮಾತ್ರ ಅದರಷ್ಟು ನಂಬಿಕೆಯ ಚೀಸ್ ಇನ್ನೊಂದಿಲ್ಲ. ಅದಕ್ಕೆ ಸೋಡಿಯಂ ಸಿಟ್ರೇಟ್, ಫಾಸ್ಫೇಟ್‌ನಂಥ ಲವಣ ಸೇರಿಸಿರುತ್ತಾರೆ. ಕೊಬ್ಬು, ನೀರು ಬೇರೆಯಾಗದಂತೆ ಹಿಡಿದಿಡುವುದು ಅವುಗಳ ಕೆಲಸ. ಅದರ ಜೊತೆ ಎಳೆ ಎಳೆಯಾಗಿ ಬರಲು ಮೊಜರೆಲ್ಲಾ. ಅಷ್ಟೇ ಸಾಕು. ಹಳೆಯ, ಗಾಢ ರುಚಿಯ ಚೆಡ್ಡಾರ್ ಚೀಸ್ ಇದ್ದರೆ ಒಂದು ಹಿಡಿ ಹಾಕಿ, ಇಲ್ಲದಿದ್ದರೆ ಅದಕ್ಕಾಗಿ ಊರೆಲ್ಲಾ ಸುತ್ತಬೇಡಿ. ‘ಪಿಜ್ಜಾ ಚೀಸ್’ ಅಂತ ಅಗ್ಗಕ್ಕೆ ಸಿಗುವ ಪೊಟ್ಟಣದ ಹಿಂಬದಿ ಒಮ್ಮೆ ಓದಿ. ಪಾಮ್ ಎಣ್ಣೆ, ವನಸ್ಪತಿ ಎಣ್ಣೆ ಅಂತ ಇದ್ದರೆ ಅದು ಬರೀ ಹಾಲಿನ ಚೀಸ್ ಅಲ್ಲ, ವಾಪಸ್ ಇಟ್ಟುಬಿಡಿ. ಹಿರಿಯರು ಬರುತ್ತಾರೆ ಅಂದಿರಲ್ಲ, ಹಸಿರು ಚುಕ್ಕೆಯನ್ನೂ ನೋಡಿ. ಇಟಲಿಯ ಅಸಲಿ ಪಾರ್ಮೆಸಾನ್‌ನಲ್ಲಿ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಶಾಕಾಹಾರಿ ಮನೆಗೆ ಅದು ಬೇಡ.

ಕ್ರೀಮ್ ಚೀಸ್ ಬದಲಿಗೆ ಗಟ್ಟಿ ಮೊಸರು. ಈ ವಿಷಯದಲ್ಲಿ ನಮ್ಮ ಭಾಗದವರು ಪುಣ್ಯವಂತರು, ಎಮ್ಮೆ ಹಾಲಿನ ಮೊಸರು ಸಿಗುತ್ತದೆ. ಆಕಳ ಹಾಲಿನದಕ್ಕಿಂತ ಅದರಲ್ಲಿ ಕೊಬ್ಬು ಜಾಸ್ತಿ, ಕಟ್ಟಿಟ್ಟರೆ ಬೆಣ್ಣೆಯ ಹಾಗೆ ನಯವಾಗುತ್ತದೆ. ಅರ್ಧ ಕೆಜಿ ಸಿಹಿ ಮೊಸರನ್ನು ಶುಕ್ರವಾರ ರಾತ್ರಿ ತೆಳು ಬಟ್ಟೆಯಲ್ಲಿ ಕಟ್ಟಿ, ಜರಡಿಯ ಮೇಲಿಟ್ಟು, ಕೆಳಗೊಂದು ಬೋಗುಣಿ ಇಟ್ಟು ಫ್ರಿಜ್‌ನಲ್ಲಿಡಿ. ಹುಳಿ ಬಂದ ಮೊಸರು ಬೇಡವೇ ಬೇಡ. ಬೆಳಿಗ್ಗೆ ಅದಕ್ಕೆ ಎರಡು ಚಮಚ ಕಾರ್ನ್‌ಫ್ಲೋರ್ ಸೇರಿಸಿ ಗಂಟಿಲ್ಲದಂತೆ ಕಲಸಿ. ಮಜ್ಜಿಗೆ ಸಾರಿಗೆ ಕಡಲೆಹಿಟ್ಟು ಕದಡುವುದೂ ಇದೇ ಕಾರಣಕ್ಕೆ ತಾನೇ? ಹಿಟ್ಟಿದ್ದರೆ ಮೊಸರು ಬಿಸಿಗೆ ಒಡೆಯುವುದಿಲ್ಲ.

ಆರ್ಟಿಚೋಕ್ ಮರೆತುಬಿಡಿ. ಡಬ್ಬಿಯ ಆರ್ಟಿಚೋಕ್ ಈ ಡಿಪ್‌ಗೆ ಕೊಡುವುದು ಒಂಚೂರು ಹುಳಿ, ಒಂಚೂರು ಹಲ್ಲಿಗೆ ಸಿಗುವ ತುಣುಕು. ಅಷ್ಟು ಹುಳಿ ನಿಮ್ಮ ಸಿಹಿ ಮೊಸರಲ್ಲೂ ಇದೆ. ತುಣುಕಿಗೆ ಗೋವಿನಜೋಳ. ಹಾವೇರಿ ಕಡೆ ಹೊಲ ಹೊಲ ಅದೇ ಬೆಳೆ. ಎಳೆ ತೆನೆ ಸಿಗುವ ಕಾಲವಾದರೆ ಕೆಂಡದ ಮೇಲೋ ಗ್ಯಾಸ್ ಮೇಲೋ ಸುಟ್ಟು ಕಾಳು ಬಿಡಿಸಿ ಹಾಕಿ. ಆ ಸುಟ್ಟ ವಾಸನೆ ಚೀಸ್ ಜೊತೆ ಬಹಳ ಚಲೋ ಹೊಂದುತ್ತದೆ. ಇಲ್ಲದಿದ್ದರೆ ಫ್ರಿಜ್‌ನ ಸ್ವೀಟ್ ಕಾರ್ನ್ ಇದ್ದೇ ಇದೆ.

ಪಾಲಕ್ ವಿಷಯದಲ್ಲಿ ಮಾತ್ರ ಸೋಮಾರಿತನ ಮಾಡಬೇಡಿ. ಎರಡು ದೊಡ್ಡ ಕಟ್ಟು ಸೊಪ್ಪನ್ನು ಕುದಿಯುವ ನೀರಿಗೆ ಹಾಕಿ ಒಂದೇ ನಿಮಿಷಕ್ಕೆ ತೆಗೆಯಿರಿ, ತಣ್ಣೀರಿಗೆ ಹಾಕಿ. ಆಮೇಲೆ ಕೈಯಲ್ಲಿ ಹಿಂಡಿ. ಬಟ್ಟೆಯಲ್ಲಿ ಕಟ್ಟಿ ಇನ್ನೊಮ್ಮೆ ಹಿಂಡಿ. ಅಷ್ಟು ದೊಡ್ಡ ರಾಶಿ ಒಂದು ಮುಷ್ಟಿಯಾಗುತ್ತದೆ, ಗಾಬರಿ ಬೇಡ. ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ನೀರೇ. ಅದು ಉಳಿದರೆ ಓಟಿಜಿಯೊಳಗೆ ಬಿಟ್ಟುಕೊಂಡು ಡಿಪ್ ತೆಳ್ಳಗಾಗುತ್ತದೆ.

ಇನ್ನು ಬುಡ. ದಪ್ಪ ತಳದ ಪಾತ್ರೆಯಲ್ಲಿ 50 ಗ್ರಾಂ ಬೆಣ್ಣೆ ಕರಗಿಸಿ, ನಾಲ್ಕು ದೊಡ್ಡ ಚಮಚ ಮೈದಾ ಹಾಕಿ, ಸಣ್ಣ ಉರಿಯಲ್ಲಿ ಹಸಿ ವಾಸನೆ ಹೋಗುವವರೆಗೆ ಹುರಿಯಿರಿ. ಬಣ್ಣ ಬರಬಾರದು. ಅರ್ಧ ಲೀಟರ್ ಹಾಲನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತಾ ತಿರುವಿ. ತೆಳು ಝುಣಕದ ಹದಕ್ಕೆ ಬಂದಾಗ ಉರಿ ಆರಿಸಿ. ಆರಿಸಿದ ಮೇಲೆಯೇ ಚೀಸ್, ಈ ಮಾತು ಮರೆಯಬೇಡಿ. ಆರು ಕ್ಯೂಬ್ ಪ್ರೊಸೆಸ್ಡ್ ಚೀಸ್ ತುರಿದು ಹಾಕಿ. 25 ಗ್ರಾಂನ ಕ್ಯೂಬ್ ಲೆಕ್ಕದಲ್ಲಿ 150 ಗ್ರಾಂ ಆಯಿತು. ನಂತರ 100 ಗ್ರಾಂ ಮೊಜರೆಲ್ಲಾ. ಕರಗಿದ ಮೇಲೆ ಮೊಸರು, ಪಾಲಕ್, ಒಂದು ಬಟ್ಟಲು ಗೋವಿನಜೋಳದ ಕಾಳು, ಕಾಳುಮೆಣಸಿನ ಪುಡಿ. ಉಪ್ಪನ್ನು ಕೊನೆಗೆ ರುಚಿ ನೋಡಿ ಹಾಕಿ, ಪ್ರೊಸೆಸ್ಡ್ ಚೀಸ್‌ನಲ್ಲೇ ಸಾಕಷ್ಟು ಇರುತ್ತದೆ. ಬೇಕೇ ಆಗದಿರಬಹುದು.

ಈ ಮಿಶ್ರಣದಲ್ಲಿ ಬೆಳ್ಳುಳ್ಳಿ ಇಲ್ಲ, ಗಮನಿಸಿ. ಹಿರಿಯರ ಪಾಲನ್ನು ಈಗಲೇ ಒಂದು ಚಿಕ್ಕ ಬಟ್ಟಲಿಗೆ ತೆಗೆದಿಡಿ.

ಉಳಿದದ್ದಕ್ಕೆ ಬ್ಯಾಡಗಿ ಮೆಣಸಿನಕಾಯಿ. ನನ್ನ ಪ್ರಕಾರ ಇಡೀ ಡಿಪ್‌ನ ಜೀವ ಇದೇ. ಪಕ್ಕದ ಹಾವೇರಿ ಜಿಲ್ಲೆಯದು, 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದ್ದು. ಬಣ್ಣ ಜಾಸ್ತಿ, ಖಾರ ಕಡಿಮೆ. ಮಕ್ಕಳಿಗೂ ನಡೆಯುತ್ತದೆ. ಡಬ್ಬಿ, ಕಡ್ಡಿ ಎರಡರಲ್ಲಿ ಯಾವುದಾದರೂ ಸರಿ, ಡಬ್ಬಿಗೆ ಬಣ್ಣ ಇನ್ನೂ ಚಲೋ. ಐದಾರು ಕಾಯಿಯ ಬೀಜ ತೆಗೆದು, ಬಿಸಿ ನೀರಲ್ಲಿ ಅರ್ಧ ಗಂಟೆ ನೆನೆಸಿ, ನಯವಾಗಿ ರುಬ್ಬಿ. ಒಗ್ಗರಣೆ ಸೌಟಿನಲ್ಲಿ ಎರಡು ಚಮಚ ಬೆಣ್ಣೆ, ಜಜ್ಜಿದ ಬೆಳ್ಳುಳ್ಳಿ ಏಳೆಂಟು ಎಸಳು, ಆಮೇಲೆ ರುಬ್ಬಿದ್ದು. ನೀರು ಆರಿ ಬೆಣ್ಣೆ ಕೆಂಪಗಾಗುವವರೆಗೆ ಹುರಿಯಿರಿ. ಮೆಣಸಿನಕಾಯಿಯ ಕೆಂಪು ನೀರಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ಸುಮ್ನೆ ಪುಡಿ ಉದುರಿಸಿದರೆ ಈ ಬಣ್ಣ ಬರುವುದಿಲ್ಲ. ಅರ್ಧ ಒಳಗೆ ಕಲಸಿ, ಅರ್ಧ ಮೇಲೆ ಎಳೆಯಲು ಇಟ್ಟುಕೊಳ್ಳಿ.

ಬೇಕ್ ಮಾಡುವಾಗ ಎಲ್ಲವನ್ನೂ ಒಂದೇ ದೊಡ್ಡ ಪಾತ್ರೆಗೆ ಸುರಿಯಬೇಡಿ. ಚಿಕ್ಕ ಓಟಿಜಿಯಲ್ಲಿ ಹಿಡಿಸುವುದೂ ಕಷ್ಟ, ಮೇಜಿನ ಮೇಲೆ ಅರ್ಧಕ್ಕರ್ಧ ತಣ್ಣಗಾಗುತ್ತದೆ. ತಣ್ಣಗಾದರೆ ಕೊಬ್ಬು ಗಟ್ಟಿಯಾಗುತ್ತದೆ, ಡಿಪ್ ಬಿಗಿಯುತ್ತದೆ. ಎರಡು ಮಧ್ಯಮ ಪಾತ್ರೆ ಮಾಡಿ. ಮೊದಲನೆಯದು ಖಾಲಿಯಾಗುತ್ತಾ ಬಂದಾಗ ಎರಡನೆಯದು ಓಟಿಜಿಗೆ. ಅಗಲಕ್ಕಿಂತ ಆಳ ಇರುವ ಪಾತ್ರೆ ಬಿಸಿ ಹಿಡಿಯುತ್ತದೆ. ಸ್ಟೀಲ್ ಡಬ್ಬಿಯೂ ನಡೆಯುತ್ತದೆ. ಗಾಜಿನದಾದರೆ ಫ್ರಿಜ್‌ನಿಂದ ತೆಗೆದು ನೇರ ಬಿಸಿ ಓಟಿಜಿಗೆ ಇಡಬೇಡಿ, ಬಿರಿಯಬಹುದು.

ಹತ್ತು ನಿಮಿಷ ಮೊದಲೇ ಕಾಯಿಸಿದ ಓಟಿಜಿ, 180 ಡಿಗ್ರಿ, ಇಪ್ಪತ್ತು ನಿಮಿಷ. ಅಂಚಿನಲ್ಲಿ ಗುಳ್ಳೆ ಬಂದರೆ ಆಯಿತು. ಒಳಗಿರುವುದೆಲ್ಲ ಮೊದಲೇ ಬೆಂದಿದೆ, ಬಿಸಿಯಾಗಿ ಮೇಲೆ ಬಣ್ಣ ಬಂದರೆ ಸಾಕು. ಮೇಲೆ ಒಂದು ಹಿಡಿ ಮೊಜರೆಲ್ಲಾ, ಅದರ ಮೇಲೆ ಬೆಣ್ಣೆಯಲ್ಲಿ ಹೊರಳಿಸಿದ ಖಡಕ್ ರೊಟ್ಟಿಯ ಪುಡಿ. ಬ್ರೆಡ್ ಪುಡಿಗಿಂತ ಇದು ಎಷ್ಟೋ ಪಾಲು ಮೇಲು. ಕೊನೆಯ ಮೂರು ನಿಮಿಷ ಮೇಲಿನ ರಾಡ್ ಮಾತ್ರ, ಆಗ ಅಲ್ಲೇ ನಿಂತಿರಿ. ಸಂಜೆ ಕರೆಂಟ್ ಹೋದರೆ? ದಪ್ಪ ಕಡಾಯಿಯಲ್ಲಿ ಸ್ಟ್ಯಾಂಡ್ ಇಟ್ಟು, ಅದರ ಮೇಲೆ ಪಾತ್ರೆ, ಮುಚ್ಚಳ, ಸಣ್ಣ ಉರಿ. ಮೇಲೆ ಕೆಂಪಗಾಗುವುದಿಲ್ಲ ಅಷ್ಟೇ. ರೊಟ್ಟಿ ಪುಡಿಯನ್ನು ಬೇರೆಯಾಗಿ ಹುರಿದು ಉದುರಿಸಿದರೆ ಯಾರಿಗೂ ಗೊತ್ತಾಗದು.

ಈಗ ಅದ್ದುವುದಕ್ಕೆ. ನಾಚೋಸ್ ಪೊಟ್ಟಣ ಬೇಡ. ಅದರಲ್ಲಿ ಉಪ್ಪು, ಡಿಪ್‌ನಲ್ಲೂ ಉಪ್ಪು, ನಾಲ್ಕು ತುಣುಕಿಗೆ ನಾಲಿಗೆ ಮರಗಟ್ಟುತ್ತದೆ. ಜೋಳದ ಖಡಕ್ ರೊಟ್ಟಿಗೆ ಹಾಗಿಲ್ಲ. ಸಪ್ಪಗೆ, ಗರಿಗರಿ, ಜೊತೆಗೆ ಜೋಳದ ಸುಟ್ಟ ಕಂಪು. ಇಷ್ಟು ಗಟ್ಟಿ ಡಿಪ್ ಎತ್ತಿದರೂ ನಡುವೆ ಮುರಿಯುವುದಿಲ್ಲ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಸಿಕ್ಕರೆ ಇನ್ನೂ ಒಳ್ಳೆಯದು, ನನ್ನ ಮತ ಅದಕ್ಕೇ. ತೆಳ್ಳಗಿನದನ್ನೇ ಆರಿಸಿ ತನ್ನಿ. ಬಡಿಸುವ ಮೊದಲು ತವೆಯ ಮೇಲೆ ಒಂದು ನಿಮಿಷ ಬಿಸಿ ಮಾಡಿ ಕೈಯಿಂದಲೇ ಮುರಿಯಿರಿ. ಸೊಟ್ಟ ಪಟ್ಟ ಆಗಲಿ, ಚಾಕು ಹಿಡಿದು ತ್ರಿಕೋನ ಮಾಡಲು ಹೋಗಬೇಡಿ, ಪುಡಿಯಾಗುತ್ತದೆ. ಜೊತೆಗೆ ಸೌತೆಕಾಯಿ, ಗಜ್ಜರಿ, ಬೆಣ್ಣೆಯಲ್ಲಿ ಕಾಯಿಸಿದ ಪಾವ್. ಯಾರಾದರೂ ಮಿರ್ಚಿ ಭಜಿ ಅದ್ದಿ ತಿಂದರೆ ತಡೆಯಬೇಡಿ. ಹುಬ್ಬಳ್ಳಿಯಲ್ಲಿ ಪಾರ್ಟಿ ಅಂದಮೇಲೆ ಒಬ್ಬರಾದರೂ ಮಿರ್ಚಿ ತಂದೇ ತರುತ್ತಾರೆ, ಅಲ್ವಾ?

ಬೇರೆ ತಿಂಡಿಯೂ ಇದ್ದರೆ ಈ ಅಳತೆ 15 ಜನರಿಗೆ ಸಾಕು. ಶನಿವಾರ ಮಧ್ಯಾಹ್ನವೇ ಎಲ್ಲ ಕಲಸಿ ಪಾತ್ರೆಗೆ ತುಂಬಿ, ಆರಿದ ಮೇಲೆ ಮುಚ್ಚಿ ಫ್ರಿಜ್‌ನಲ್ಲಿಡಿ. ಜನ ಬರುವ ಮುಕ್ಕಾಲು ಗಂಟೆ ಮುಂಚೆ ಹೊರಗೆ ತೆಗೆಯಿರಿ, ಬೇಕ್ ಮಾಡುವಾಗ ಐದು ಹತ್ತು ನಿಮಿಷ ಜಾಸ್ತಿ ಕೊಡಿ. ಮೊದಲ ಪಾತ್ರೆಯ ಜೊತೆ ಹಿರಿಯರ ಬಟ್ಟಲನ್ನೂ ಇಡಿ, ಅದಕ್ಕೆ ಒಗ್ಗರಣೆ ಬದಲು ಚೂರು ಕಾಳುಮೆಣಸು, ಜೀರಿಗೆ ಪುಡಿ ಉದುರಿಸಿ. ಆ ಬಟ್ಟಲಿಗೆ ಬೇರೆ ಚಮಚ ಇಡಿ. ಬೆಳ್ಳುಳ್ಳಿಯದಕ್ಕೆ ಅದ್ದಿದ ರೊಟ್ಟಿ ತುಂಡು ಅದರಲ್ಲಿ ಬೀಳದಂತೆ ಮೇಜಿನ ಇನ್ನೊಂದು ತುದಿಯಲ್ಲಿಟ್ಟರೆ ಒಳ್ಳೆಯದು.