ಚಿಕಿತ್ಸೆ ಬೆಂಗಳೂರಲ್ಲಿ, ಲೆಕ್ಕ ಯಾವ ಊರಿಗೆ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಅತ್ತೆಗೆ ಸ್ತನ ಕ್ಯಾನ್ಸರ್. ಬೆಂಗಳೂರಿನ ಆಸ್ಪತ್ರೆಯಲ್ಲಿ ಒಬ್ಬರು ಬಂದು ಯಾವ ಊರು, ಅಲ್ಲಿ ಎಷ್ಟು ವರ್ಷದಿಂದ ಇದ್ದೀರಿ ಅಂತೆಲ್ಲ ಬರೆದುಕೊಂಡರು. ಕಾಯಿಲೆಗೂ ಊರಿಗೂ ಏನು ಸಂಬಂಧ?
– ಓದುಗರೊಬ್ಬರು, ಮದ್ದೂರು

ಉತ್ತರ: ಅದು ಕ್ಯಾನ್ಸರ್ ನೋಂದಣಿಗೆ ಕಣಮ್ಮ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1981ರಲ್ಲಿ ಶುರು ಮಾಡಿದ ಕೆಲಸ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಮೊದಲ ಕೇಂದ್ರಗಳಲ್ಲೊಂದು.

ಇದರಲ್ಲಿ ಎರಡು ಬಗೆ. ಆಸ್ಪತ್ರೆಯ ನೋಂದಣಿ ಅಲ್ಲಿಗೆ ಬಂದ ರೋಗಿಗಳನ್ನೆಲ್ಲ ಎಣಿಸುತ್ತದೆ. ಒಂದು ಪ್ರದೇಶದ ಜನರಲ್ಲಿ ಎಷ್ಟು ಮಂದಿಗೆ ಕ್ಯಾನ್ಸರ್ ಅಂತ ಲೆಕ್ಕ ಇಡುವ ಜನಸಂಖ್ಯೆಯ ನೋಂದಣಿ ಹಾಗಲ್ಲ. ಗೊತ್ತುಮಾಡಿದ ಪ್ರದೇಶದಲ್ಲಿ ಕನಿಷ್ಠ ಒಂದು ವರ್ಷ ವಾಸ ಇದ್ದವರಷ್ಟೇ ಅದರ ಲೆಕ್ಕಕ್ಕೆ. ಸಿಬ್ಬಂದಿ ಆಸ್ಪತ್ರೆ, ಲ್ಯಾಬು, ಮರಣ ನೋಂದಣಿ ಕಚೇರಿ ಅಂತ ಅಲೆದು ಮಾಹಿತಿ ಕೂಡಿಸುತ್ತಾರೆ. ಒಬ್ಬರೇ ಮೂರು ಕಡೆ ತೋರಿಸಿಕೊಂಡಿದ್ದರೆ ಒಂದೇ ಸಲ ಎಣಿಕೆ. ಮದ್ದೂರಿನ ಅತ್ತೆಯನ್ನು ಬೆಂಗಳೂರಿಗೆ ಸೇರಿಸಿದರೆ ಅಲ್ಲಿನ ಪ್ರಮಾಣ ಸುಮ್ನೆ ಏರುತ್ತದೆ, ಅಲ್ವಾ? ಎಷ್ಟೋ ಜನ ನೆಂಟರ ಮನೆ ವಿಳಾಸ ಕೊಟ್ಟುಬಿಡುತ್ತಾರೆ. ನನಗೆ ಅದೇ ಸಿಟ್ಟು.

ವಯಸ್ಸು ಕೇಳುವುದೂ ಇದಕ್ಕೇ. ಮುದುಕರು ಜಾಸ್ತಿ ಇರುವ ಊರಲ್ಲಿ ಕ್ಯಾನ್ಸರ್ ಕೇಸೂ ಜಾಸ್ತಿ. ಹಾಗಾಗಿ ವಯಸ್ಸಿಗೆ ಹೊಂದಿಸಿ, ಲಕ್ಷ ಜನರಲ್ಲಿ ಎಷ್ಟು ಅಂತ ಹೋಲಿಸುತ್ತಾರೆ. ಬೆಂಗಳೂರಿನ ಹೆಂಗಸರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಇಳಿದು ಸ್ತನ ಕ್ಯಾನ್ಸರ್ ಏರಿದ್ದು ಗೊತ್ತಾಗಿದ್ದು ಈ ಲೆಕ್ಕದಿಂದಲೇ.

ವರದಿಯಲ್ಲಿ ಅತ್ತೆಯ ಹೆಸರು ಬರುವುದಿಲ್ಲ. ಹೆದರದೆ ಮದ್ದೂರಿನ ವಿಳಾಸವನ್ನೇ ಹೇಳಿ.