ವಿಲ್ಲಿ ಮೇಸ್ ಫೀಲ್ಡಿಂಗ್ ಅಂಕಿಗಳು: ಯಾವ ಸರಾಸರಿಗೆ ಹೋಲಿಸಬೇಕು?

ಅಮೆರಿಕದ ಬೇಸ್‌ಬಾಲ್ ಆಟಗಾರ ವಿಲ್ಲಿ ಮೇಸ್ ಅವರ ಫೀಲ್ಡಿಂಗ್ ಪ್ರಮಾಣ (ಸಿಕ್ಕ ಅವಕಾಶಗಳಲ್ಲಿ ತಪ್ಪಿಲ್ಲದೆ ನಿಭಾಯಿಸಿದ ಪಾಲು) 0.981; ಇದು ಸಾಧಾರಣವಲ್ಲವೇ ಎಂದು ಕೇಳಿದ್ದೀರಿ. ನಿಮಗೆ ಹಾಗೆನಿಸಿದ್ದು ಬಹುಶಃ ಅದನ್ನು ಇಂದಿನ ಲೀಗ್ ಸರಾಸರಿಯ ಪಕ್ಕದಲ್ಲಿಟ್ಟು ನೋಡಿದ್ದರಿಂದ. ಮೊದಲು 1951ರಿಂದ 1973ರ ನಡುವೆ ಅವರು ಆಡಿದ ವರ್ಷಗಳ ನ್ಯಾಷನಲ್ ಲೀಗ್ (ಅವರ ತಂಡವಿದ್ದ ಲೀಗ್) ಸರಾಸರಿಯನ್ನು, ಸಾಧ್ಯವಾದರೆ ಅವರ ಸ್ಥಾನವಾದ ಸೆಂಟರ್ ಫೀಲ್ಡ್‌ನದನ್ನೇ (ಮೈದಾನದ ಹೊರಭಾಗದ ನಡುವಿನ ಸ್ಥಾನ) ತೆಗೆದುಕೊಳ್ಳಿ. ಆಮೇಲೆ ಆ ಪ್ರಮಾಣವನ್ನೇ ಬದಿಗಿಡಿ. ಓಡಿ ತಲುಪಲಾಗದ ಚೆಂಡು ಅದರಲ್ಲಿ ತಪ್ಪೆಂದು ದಾಖಲಾಗುವುದೇ ಇಲ್ಲ, ಹಾಗಾಗಿ ನಿಧಾನಗಾಲಿನವರೂ ಮಿಂಚುತ್ತಾರೆ. ಔಟ್‌ಫೀಲ್ಡರ್ (ಮೈದಾನದ ಹೊರಭಾಗ ಕಾಯುವವ) ಆಗಿ ಮೇಸ್ ಅವರ 7,095 ಪುಟ್‌ಔಟ್ (ಕ್ಯಾಚ್ ಮುಂತಾಗಿ ತಾವೇ ಮಾಡಿದ ಔಟ್) ಇಂದಿಗೂ ದಾಖಲೆ! ಅದಕ್ಕೆ 195 ಅಸಿಸ್ಟ್ (ಚೆಂಡೆಸೆದು ಇನ್ನೊಬ್ಬರ ಔಟ್‌ಗೆ ನೆರವಾದದ್ದು) ಕೂಡಿಸಿ, ಔಟ್‌ಫೀಲ್ಡ್‌ನಲ್ಲಿ ಆಡಿದ ಪಂದ್ಯಗಳಿಂದ ಭಾಗಿಸಿ; ಬಂದ ರೇಂಜ್ ಫ್ಯಾಕ್ಟರನ್ನು (ಪಂದ್ಯವೊಂದಕ್ಕೆ ಸರಾಸರಿ ಎಷ್ಟು ಔಟ್‌ಗಳಲ್ಲಿ ಪಾಲು ಎಂಬ ಅಳತೆ) ಅದೇ ಅವಧಿಯ ಸರಾಸರಿಗೆ ಹೋಲಿಸಿ. ವ್ಯತ್ಯಾಸ ಚಿಕ್ಕದಿದ್ದರೆ ತೀರ್ಪು ಕೊಡಬೇಡಿ: ತಂಡದ ಪಿಚರ್‌ಗಳ (ಚೆಂಡೆಸೆಯುವವರ) ಎಸೆತಗಳಿಗೆ ಎದುರಾಳಿಗಳು ಎತ್ತರದ ಹೊಡೆತಗಳನ್ನು ಎಷ್ಟು ಬಾರಿ ಹೊಡೆದರು ಎಂಬುದೂ ಇದರಲ್ಲಿ ಬೆರೆತಿರುತ್ತದೆ, ಅದನ್ನು ಪೂರ್ತಿ ಬೇರ್ಪಡಿಸಲು ಆಗದು.