ಮೂಗಿನ ಗೋಡೆಗಳ ಆಚೆ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಮೂಗಿನ ಬಗ್ಗೆಯೇ ಇವೆ. ಮಂಡ್ಯದ ಸುತ್ತ ಆಲೆಮನೆಗಳು ಹೊಗೆಯಾಡುವ, ಬೆಳಗಿನ ಮಂಜು ಬೇಗ ಕರಗದ ದಿನಗಳಲ್ಲಿ ನನ್ನ ಚಿಕಿತ್ಸಾಲಯದ ಬೆಂಚುಗಳೂ ಮೂಗಿನ ರೋಗಿಗಳಿಂದಲೇ ತುಂಬಿರುತ್ತವೆ. ಹಾಗಾಗಿ ಈ ಸಲದ ಅಂಕಣವನ್ನು ಪೂರ್ತಿಯಾಗಿ ಮೂಗಿಗೆ ಕೊಟ್ಟಿದ್ದೇನೆ. ನನ್ನ ಮೇಜಿನ ಮೇಲೆ ತಲೆಬುರುಡೆಯ ಮಾದರಿಯೊಂದಿದೆ. ಔಷಧಿ ಬರೆಯುವ ಮುನ್ನ ಅದನ್ನು ರೋಗಿಯ ಕೈಗೆ ಕೊಡುತ್ತೇನೆ. ಮೂಗಿನ ಯಾವ ಗೋಡೆಯ ಆಚೆ ಏನಿದೆ ಎಂದು ಕಂಡವರಿಗೆ, ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಹೆದರಬೇಕಿಲ್ಲ ಎಂಬುದು ಅರ್ಧ ತಿಳಿದಂತೆಯೇ. ಇಲ್ಲಿ ಮಾತಿನಲ್ಲೇ ತೋರಿಸಲು ಪ್ರಯತ್ನಿಸುತ್ತೇನೆ.

ಪ್ರಶ್ನೆ: ಡಾಕ್ಟರಮ್ಮ, ಹತ್ತು ವರ್ಷದಿಂದ ನನಗೆ ಸೈನಸ್ ಇದೆ. ತಿಂಗಳಿಗೆ ಎರಡು ಮೂರು ಸಲ ಹುಬ್ಬಿನ ಮೇಲೆ, ಒಂದೇ ಪಕ್ಕದಲ್ಲಿ ತಲೆ ಸಿಡಿಯುತ್ತದೆ. ಬಿಸಿಲಿಗೆ ಹೋದರೆ, ಊಟ ತಡವಾದರೆ ಶುರುವಾಗುತ್ತದೆ. ಮೂಗು ಕಟ್ಟುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಕೊನೆಗೆ ವಾಂತಿಯಾಗುತ್ತದೆ. ಆಂಟಿಬಯಾಟಿಕ್ ನುಂಗಿ ಸಾಕಾಗಿದೆ. ಆಪರೇಷನ್ ಮಾಡಿಸಿ ಸೈನಸ್ ತೆಗೆಸಿಬಿಡಬಹುದೇ?
— ಶಾಲಾ ಶಿಕ್ಷಕಿ, ಮದ್ದೂರು

ಉತ್ತರ: ಸೈನಸ್‌ಗಳು ಎಲ್ಲರ ತಲೆಯಲ್ಲೂ ಇವೆ, ಟೀಚರ್. ಅವು ಮುಖದ ಮೂಳೆಗಳೊಳಗಿನ ಗಾಳಿ ತುಂಬಿದ ಕೋಣೆಗಳು. ಅವುಗಳ ಬಾಯಿಯನ್ನು ಅಗಲ ಮಾಡಬಹುದೇ ಹೊರತು ಅವನ್ನೇ ತೆಗೆಯುವಂತಿಲ್ಲ. ಎರಡು ಕೆನ್ನೆಗಳ ಮೂಳೆಯೊಳಗೆ ಒಂದೊಂದು ಕೋಣೆ. ಎಲ್ಲಕ್ಕಿಂತ ದೊಡ್ಡವು ಇವೇ, ವಯಸ್ಕರಲ್ಲಿ ಒಂದೊಂದರ ಗಾತ್ರ ಸುಮಾರು 15 ಮಿಲಿಲೀಟರ್. ಹುಬ್ಬಿನ ಮೇಲೆ, ಹಣೆಯ ಮೂಳೆಯಲ್ಲಿ ಎರಡು. ಎರಡು ಕಣ್ಣುಗಳ ನಡುವೆ ಎಥ್ಮಾಯ್ಡ್ ಎಂಬ ಮೂಳೆಯಲ್ಲಿ ಹಲವು ಪುಟ್ಟ ಪುಟ್ಟ ಕೋಣೆಗಳು. ಇವೆಲ್ಲದರ ಹಿಂದೆ, ತಲೆಯ ನಟ್ಟನಡುವೆ ಸ್ಫೀನಾಯ್ಡ್ ಸೈನಸ್‌ಗಳು.

ಮೂಗಿನ ಪಕ್ಕದ ಗೋಡೆಯಿಂದ ಮೂರು ಮಡಿಕೆಗಳು ಒಳಕ್ಕೆ ಚಾಚಿಕೊಂಡಿವೆ. ನಾವು ಅವನ್ನು ಟರ್ಬಿನೇಟ್ ಎನ್ನುತ್ತೇವೆ. ಉಸಿರನ್ನು ಬೆಚ್ಚಗೆ, ತೇವವಾಗಿ ಮಾಡಿ ಒಳಗೆ ಕಳಿಸುವ ಕೆಲಸ ಅವುಗಳದ್ದು. (ಎಷ್ಟೋ ಜನ ಕನ್ನಡಿಯಲ್ಲಿ ಕೆಳಗಿನ ಮಡಿಕೆಯನ್ನು ಕಂಡು ದುರ್ಮಾಂಸ ಬೆಳೆದಿದೆ ಎಂದು ಗಾಬರಿಯಿಂದ ಓಡಿಬರುತ್ತಾರೆ. ಅದು ಹುಟ್ಟಿನಿಂದಲೇ ಇರುವ ಅಂಗ.) ಆ ಕೆಳಗಿನ ಮಡಿಕೆಯ ಅಡಿಯಲ್ಲಿ ಕಣ್ಣೀರಿನ ನಾಳ ತೆರೆದುಕೊಳ್ಳುತ್ತದೆ. ಅತ್ತಾಗ ಮೂಗು ಸುರಿಯುವುದು ಅದಕ್ಕೇ. ನಡುವಿನ ಮಡಿಕೆಯ ಅಡಿಯಲ್ಲಿ ಒಂದು ಕಿರಿದಾದ ಸಂದಿ ಇದೆ. ಕೆನ್ನೆಯ ಸೈನಸ್, ಹಣೆಯ ಸೈನಸ್, ಎಥ್ಮಾಯ್ಡಿನ ಮುಂದಿನ ಕೋಣೆಗಳು, ಇವೆಲ್ಲಕ್ಕೂ ಹೊರದಾರಿ ಆ ಸಂದಿಯೇ. ನೆಗಡಿಯಲ್ಲೋ ಅಲರ್ಜಿಯಲ್ಲೋ ಅಲ್ಲಿನ ಒಳಪೊರೆ ಊದಿದರೆ ಅಷ್ಟೂ ಕೋಣೆಗಳು ಒಟ್ಟಿಗೆ ಕಟ್ಟಿಕೊಳ್ಳುತ್ತವೆ.

ಕೆನ್ನೆಯ ಸೈನಸ್‌ನದು ಇನ್ನೊಂದು ಕಷ್ಟ. ತೊಟ್ಟಿಯ ತೂಬನ್ನು ತಳದಲ್ಲಿಡದೆ ಅಂಚಿನ ಹತ್ತಿರ ಇಟ್ಟ ಹಾಗೆ, ಅದರ ಬಾಯಿ ಗೋಡೆಯ ಮೇಲ್ಭಾಗದಲ್ಲಿದೆ. ಒಳಪೊರೆಯ ಸೂಕ್ಷ್ಮ ರೋಮಗಳು ಲೋಳೆಯನ್ನು ಮೇಲಕ್ಕೆ ತಳ್ಳಿ ತಳ್ಳಿ ಆ ಬಾಯಿಗೆ ಮುಟ್ಟಿಸಬೇಕು. ಹಿಂದೆ ಶಸ್ತ್ರವೈದ್ಯರು ತಳದ ಹತ್ತಿರ ಹೊಸ ತೂತು ಕೊರೆಯುತ್ತಿದ್ದರು. ಆದರೂ ರೋಮಗಳು ಲೋಳೆಯನ್ನು ಹಳೆಯ ಬಾಯಿಗೇ ಒಯ್ಯುತ್ತಿದ್ದವು. ಆಸ್ಟ್ರಿಯಾದ ಗ್ರಾಜ್ ನಗರದ ವಾಲ್ಟರ್ ಮೆಸ್ಸರ್‌ಕ್ಲಿಂಗರ್ ಇದನ್ನು ಎಂಡೋಸ್ಕೋಪಿನಿಂದ ಕಣ್ಣಾರೆ ನೋಡಿ ದಾಖಲಿಸಿದರು. ಸಹಜ ಬಾಯಿಯನ್ನೇ ಅಗಲಿಸುವ ಇಂದಿನ ಶಸ್ತ್ರಚಿಕಿತ್ಸೆ ಆ ಕೆಲಸದಿಂದ ಬೆಳೆದದ್ದು.

ಇಷ್ಟು ಹೇಳಿದ್ದು ನಿಮ್ಮ ನೋವು ಅಲ್ಲಿಯದಲ್ಲ ಎಂದು ನನಗೆ ಬಲವಾಗಿ ಅನ್ನಿಸುತ್ತಿರುವುದರಿಂದ. ಸೈನಸ್ ಸೋಂಕಾದರೆ ಗಟ್ಟಿಯಾದ ಹಳದಿ ಸಿಂಬಳ ಬರುತ್ತದೆ, ವಾಸನೆ ಮಂಕಾಗುತ್ತದೆ, ಮುಖ ಭಾರವಾಗುತ್ತದೆ, ಕೆಲವೊಮ್ಮೆ ಜ್ವರ ಬರುತ್ತದೆ. ನೀವು ಬರೆದಿರುವುದು ಒಂದು ಪಕ್ಕದ ಸಿಡಿತ, ಬಿಸಿಲು, ಹಸಿವು, ವಾಂತಿ. ಇದು ಮೈಗ್ರೇನಿನ ಚಿತ್ರ. ಮೂಗು ಕಟ್ಟುವುದು, ಕಣ್ಣಲ್ಲಿ ನೀರು ಬರುವುದು ಮೈಗ್ರೇನಿನಲ್ಲೂ ಉಂಟು, ಏಕೆಂದರೆ ಮುಖ, ಮೂಗು, ಸೈನಸ್‌ಗಳ ಒಳಪೊರೆ, ಮೆದುಳಿನ ಹೊದಿಕೆ ಇವೆಲ್ಲದರ ನೋವನ್ನು ಹೊತ್ತು ಒಯ್ಯುವುದು ಬಹುಮಟ್ಟಿಗೆ ಒಂದೇ ನರ, ಟ್ರೈಜೆಮಿನಲ್. ತಮಗಿರುವುದು ಸೈನಸ್ ತಲೆನೋವೆಂದು ನಂಬಿದ್ದ ಸುಮಾರು 3,000 ಜನರನ್ನು ಪರೀಕ್ಷಿಸಿದ ಅಧ್ಯಯನವೊಂದು ಅಮೆರಿಕದಲ್ಲಿ 2004ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ 88ರಷ್ಟು ಜನರ ನೋವು ಮೈಗ್ರೇನ್ ಮಾದರಿಯದಾಗಿತ್ತು. ನೋವು ಬಂದ ದಿನ, ಹೊತ್ತು, ಅದಕ್ಕೆ ಮೊದಲು ಏನಾಯಿತು ಎಂಬುದನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟು ನರರೋಗ ತಜ್ಞರಿಗೆ ಅಥವಾ ನಿಮ್ಮ ವೈದ್ಯರಿಗೆ ತೋರಿಸಿ. ಆಂಟಿಬಯಾಟಿಕ್ ಅನ್ನು ನೀವಾಗಿಯೇ ಕೊಂಡು ನುಂಗಬೇಡಿ.

ಪ್ರಶ್ನೆ: ಸಕ್ಕರೆ ಕಾಯಿಲೆ ಇದೆ, ವಯಸ್ಸು 58. ಎರಡು ತಿಂಗಳಿಂದ ಎಡಗಡೆ ಹೊಳ್ಳೆಯಿಂದ ಮಾತ್ರ ಕೆಟ್ಟ ವಾಸನೆಯ ಕೀವು ಬರುತ್ತಿದೆ. ಮೂರು ಸಲ ಮಾತ್ರೆ ತೆಗೆದುಕೊಂಡೆ, ಹೋಗಿ ಮತ್ತೆ ಬರುತ್ತದೆ.
— ರೈತರು, ಪಾಂಡವಪುರ

ಉತ್ತರ: ಮೊದಲು ಹಲ್ಲಿನ ವೈದ್ಯರ ಬಳಿ ಹೋಗಿ ಅಣ್ಣ. ಮೇಲ್ದವಡೆಯ ಹಿಂಭಾಗದ ಹಲ್ಲುಗಳ ಬೇರುಗಳು ಕೆನ್ನೆಯ ಸೈನಸ್‌ನ ನೆಲಕ್ಕೆ ತೀರಾ ಹತ್ತಿರ. ನಡುವೆ ತೆಳ್ಳನೆಯ ಮೂಳೆ, ಕೆಲವರಲ್ಲಿ ಅದೂ ಇಲ್ಲ, ಬರೀ ಪೊರೆ. ಒಂದೇ ಕಡೆ, ದುರ್ವಾಸನೆಯ ಕೀವು ಎಂದರೆ ನಾನು ಮೂಗಿಗಿಂತ ಮೊದಲು ಬಾಯಿ ತೆರೆಸುತ್ತೇನೆ. ಹುಳುಕು ಹಲ್ಲು ಅಲ್ಲೇ ಇದ್ದರೆ ಯಾವ ಮಾತ್ರೆಯಿಂದಲೂ ಕೀವು ನಿಲ್ಲದು. ಇಂಗ್ಲೆಂಡಿನ ವೈದ್ಯ ನಥಾನಿಯಲ್ ಹೈಮೋರ್ 1651ರಲ್ಲಿ ಈ ಸೈನಸ್ ಅನ್ನು ವಿವರಿಸಿದಾಗಲೂ, ಹಲ್ಲು ಕೀಳಿಸಿದ ಗುಳಿಯಿಂದ ಸ್ರಾವ ನಿಲ್ಲದ ಒಬ್ಬ ಮಹಿಳೆಯ ವಿಷಯವನ್ನು ಬರೆದಿದ್ದಾರೆ. ನೀವು ಹಲ್ಲು ಕೀಳಿಸಿದ್ದು, ಬಾಯಿ ಮುಕ್ಕಳಿಸಿದಾಗ ನೀರು ಮೂಗಿಗೆ ಬರುತ್ತಿದ್ದರೆ, ಅಲ್ಲಿ ತೂತು ಉಳಿದಿದೆ ಎಂದರ್ಥ. ಅದನ್ನು ಮುಚ್ಚಿಸಬೇಕು.

ನಿಮಗೆ ಸಕ್ಕರೆ ಇರುವುದರಿಂದ ಇನ್ನೊಂದು ಮಾತು. ಕೆನ್ನೆ ಜೋಮು ಹಿಡಿಯುವುದು, ಹಲ್ಲು ಅಲುಗಾಡುವುದು, ಮೂಗಿನೊಳಗೆ ಕಪ್ಪು ಹೆಕ್ಕಳೆ, ಕಣ್ಣು ಊದುವುದು ಅಥವಾ ಒಂದು ಎರಡಾಗಿ ಕಾಣುವುದು, ಇವುಗಳಲ್ಲಿ ಒಂದು ಕಂಡರೂ ಆ ದಿನವೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. 2021ರಲ್ಲಿ ಕೋವಿಡ್‌ನ ಬೆನ್ನಿಗೆ ಬಂದ ಕಪ್ಪು ಶಿಲೀಂಧ್ರ ಹಿಡಿದದ್ದು ಇದೇ ದಾರಿ: ಮೂಗಿನಿಂದ ಸೈನಸ್‌ಗೆ, ಅಲ್ಲಿಂದ ಕಣ್ಣಿನ ಗೂಡಿಗೆ, ಅಲ್ಲಿಂದ ಮೆದುಳಿಗೆ. ಆ ರೋಗದಲ್ಲಿ ಗಂಟೆಗಳೂ ಲೆಕ್ಕಕ್ಕೆ ಬರುತ್ತವೆ.

ಪ್ರಶ್ನೆ: ನಾಲ್ಕು ವರ್ಷದ ಮಗ ಹಣೆ ನೋವು ಎನ್ನುತ್ತಾನೆ. ಇವನಿಗೂ ಅಪ್ಪನ ಹಾಗೆ ಸೈನಸ್ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಹೌದೇ?
— ತಾಯಿ, ಶ್ರೀರಂಗಪಟ್ಟಣ

ಉತ್ತರ: ಹಣೆಯ ಸೈನಸ್ ಆ ವಯಸ್ಸಿಗೆ ಇನ್ನೂ ಸರಿಯಾಗಿ ಮೂಡಿರುವುದೇ ಇಲ್ಲವಮ್ಮ. ಹುಟ್ಟುವಾಗ ಮಗುವಿಗೆ ಇರುವುದು ಪುಟ್ಟದಾದ ಕೆನ್ನೆಯ ಸೈನಸ್ ಮತ್ತು ಎಥ್ಮಾಯ್ಡ್ ಕೋಣೆಗಳು. ಹಣೆಯದು ಎಕ್ಸ್-ರೇಯಲ್ಲಿ ಕಾಣುವಷ್ಟಾಗುವುದು ಆರೇಳು ವರ್ಷಕ್ಕೆ, ಪೂರ್ತಿ ಬೆಳೆಯುವುದು ಹದಿಹರೆಯ ಮುಗಿಯುವ ಹೊತ್ತಿಗೆ. ಕೆಲವರಲ್ಲಿ ಅದು ಮೂಡುವುದೇ ಇಲ್ಲ. ಆದ್ದರಿಂದ ಮಗನ ಕಣ್ಣಿನ ದೃಷ್ಟಿ ಪರೀಕ್ಷಿಸಿ, ನಿದ್ದೆ, ಊಟ, ನೀರು ಗಮನಿಸಿ. ನೋವಿಗೆ ಎಚ್ಚರವಾಗುತ್ತಿದ್ದರೆ, ಬೆಳಗ್ಗೆ ಎದ್ದೊಡನೆ ವಾಂತಿಯಾಗುತ್ತಿದ್ದರೆ ಮಕ್ಕಳ ತಜ್ಞರಿಗೆ ತಡಮಾಡದೆ ತೋರಿಸಿ.

ಮಕ್ಕಳ ವಿಷಯದಲ್ಲಿ ನಾನು ನಿಜವಾಗಿ ಹೆದರುವುದು ಎರಡಕ್ಕೆ. ಎಥ್ಮಾಯ್ಡಿಗೂ ಕಣ್ಣಿನ ಗೂಡಿಗೂ ನಡುವೆ ಇರುವ ಮೂಳೆ ಬೆಳಕು ಹಾಯುವಷ್ಟು ತೆಳು. ವಿದ್ಯಾರ್ಥಿಗಳಿಗೆ ಒಣಗಿದ ಬುರುಡೆಯನ್ನು ಕಿಟಕಿಗೆ ಹಿಡಿದು ತೋರಿಸಿದರೆ ಅವರ ಮುಖವೇ ಬದಲಾಗುತ್ತದೆ. ನೆಗಡಿ, ಜ್ವರ ಇರುವ ಮಗುವಿನ ಒಂದು ಕಣ್ಣಿನ ರೆಪ್ಪೆ ಕೆಂಪಾಗಿ ಊದಿದರೆ, ಕಣ್ಣು ಮುಂದೆ ಬಂದಂತೆ ಕಂಡರೆ, ಕಣ್ಣುಬೇನೆ ಎಂದು ಮನೆಮದ್ದು ಹಚ್ಚುತ್ತಾ ಕೂರಬೇಡಿ. ಸೋಂಕು ಆ ಗೋಡೆ ದಾಟಿರಬಹುದು, ಅಂದೇ ಆಸ್ಪತ್ರೆಗೆ ಸೇರಿಸಬೇಕು. ಎರಡನೆಯದು, ಮಗುವಿನ ಒಂದೇ ಹೊಳ್ಳೆಯಿಂದ ನಾರುವ ಸಿಂಬಳ. ಅಲ್ಲಿ ಹುಣಸೆಬೀಜವೋ ಸ್ಪಂಜಿನ ಚೂರೋ ಇರುತ್ತದೆ. ಆಟಿಕೆ, ಗಡಿಯಾರಗಳ ಗುಂಡು ಬ್ಯಾಟರಿಯಾಗಿದ್ದರೆ ಕೆಲವೇ ಗಂಟೆಗಳಲ್ಲಿ ಮೂಗಿನ ನಡುಗೋಡೆ ಸುಟ್ಟು ತೂತಾಗುತ್ತದೆ. ಪಿನ್ನು ಹಾಕಿ ಕೆದಕಬೇಡಿ, ನೇರವಾಗಿ ಕರೆತನ್ನಿ.

ಪ್ರಶ್ನೆ: ಒಂದು ಹೊಳ್ಳೆ ಕಟ್ಟಿದರೆ ಇನ್ನೊಂದು ಬಿಡುತ್ತದೆ, ಸ್ವಲ್ಪ ಹೊತ್ತಿಗೆ ಅದಲುಬದಲು. ಹನಿ ಹಾಕಿಕೊಳ್ಳದಿದ್ದರೆ ನಿದ್ದೆ ಬರುವುದಿಲ್ಲ.
— ವಿದ್ಯಾರ್ಥಿ, ಕುವೆಂಪುನಗರ, ಮೈಸೂರು

ಉತ್ತರ: ಅದಲುಬದಲಾಗುವುದು ಸಹಜ. ಟರ್ಬಿನೇಟ್‌ಗಳಲ್ಲಿ ರಕ್ತ ತುಂಬುವುದು ಕೆಲವು ಗಂಟೆಗಳಿಗೊಮ್ಮೆ ಪಕ್ಕ ಬದಲಿಸುತ್ತದೆ. ಜರ್ಮನಿಯ ರಿಚರ್ಡ್ ಕೈಸರ್ 1895ರಲ್ಲೇ ಇದನ್ನು ವಿವರಿಸಿದ್ದರು. ಕಾಯಿಲೆ ಇರುವುದು ಹನಿಯಲ್ಲಿ. ಮೂಗು ಬಿಡಿಸುವ ಹನಿಗಳನ್ನು ಐದು ದಿನ ಮೀರಿ ಹಾಕಿದರೆ ಬಿಟ್ಟೊಡನೆ ಮೂಗು ಮೊದಲಿಗಿಂತ ಹೆಚ್ಚು ಕಟ್ಟುತ್ತದೆ. ನಿಲ್ಲಿಸಿ. ಕಷ್ಟವಾದರೆ ವೈದ್ಯರು ಬೇರೆ ಸ್ಪ್ರೇ ಕೊಟ್ಟು ಬಿಡಿಸುತ್ತಾರೆ.

ಪ್ರಶ್ನೆ: ಬಹಳ ವರ್ಷಗಳಿಂದ ದಿನವೂ ಬೆಳಗ್ಗೆ ಜಲನೇತಿ ಮಾಡುತ್ತೇನೆ, ಅನುಕೂಲವೂ ಆಗಿದೆ. ಕೇರಳದಲ್ಲಿ ಮೆದುಳು ತಿನ್ನುವ ಅಮೀಬಾ ಎಂದು ಓದಿದ ಮೇಲೆ ಮನೆಯವರು ಬೇಡ ಎನ್ನುತ್ತಿದ್ದಾರೆ. ನಲ್ಲಿ ನೀರನ್ನು ಉಗುರುಬೆಚ್ಚಗೆ ಮಾಡಿ ಬಳಸುತ್ತೇನೆ.
— ನಿವೃತ್ತ ಬ್ಯಾಂಕ್ ನೌಕರರು, ಸರಸ್ವತಿಪುರಂ, ಮೈಸೂರು

ಉತ್ತರ: ನೇತಿ ಬಿಡಬೇಡಿ ಸರ್, ನೀರು ಬದಲಿಸಿ. ಉಪ್ಪುನೀರಿನಿಂದ ಮೂಗು ತೊಳೆಯುವುದನ್ನು ಅಲರ್ಜಿಗೂ, ಹಳೆಯ ಸೈನಸ್ ತೊಂದರೆಗೂ ನಾನೇ ಬರೆದುಕೊಡುತ್ತೇನೆ. ಆದರೆ ಮೂಗಿನ ಚಾವಣಿಯನ್ನು ಒಮ್ಮೆ ಕಲ್ಪಿಸಿಕೊಳ್ಳಿ. ಎರಡು ಕಣ್ಣುಗಳ ನಡುವೆ, ಮೂಗಿನ ಅತ್ಯಂತ ಮೇಲಿನ ಭಾಗದಲ್ಲಿ ತೂತು ತೂತಾದ ತೆಳುಮೂಳೆಯ ತಟ್ಟೆಯೊಂದಿದೆ. ವಾಸನೆಯ ನರದ ಎಳೆಗಳು ಒಂದೊಂದು ಪಕ್ಕದಲ್ಲಿ ಸುಮಾರು 20 ಕಟ್ಟುಗಳಾಗಿ ಆ ತೂತುಗಳ ಮೂಲಕ ಮೆದುಳಿಗೆ ಏರುತ್ತವೆ. ದೇಹದಲ್ಲಿ ಹೊರಗಿನ ಗಾಳಿಗೂ ಮೆದುಳಿಗೂ ಇಷ್ಟು ಕಡಿಮೆ ಅಂತರ ಇರುವ ಜಾಗ ಇನ್ನೊಂದಿಲ್ಲ. ನೆಗ್ಲೇರಿಯಾ ಫೌಲೆರಿ ಎಂಬ ಅಮೀಬಾ ಬೆಚ್ಚಗಿನ ಸಿಹಿನೀರಿನಲ್ಲಿ ಬದುಕುತ್ತದೆ. ಮೂಗಿಗೆ ಹೊಕ್ಕರೆ ಇದೇ ನರದ ಎಳೆಗಳನ್ನು ಹಿಡಿದು ಮೇಲೇರುತ್ತದೆ. ರೋಗ ಬಹಳ ಅಪರೂಪ, ಬಂದರೆ ಬದುಕುಳಿಯುವವರೂ ಅಪರೂಪ. ಆ ನೀರನ್ನು ಕುಡಿದರೆ ಈ ರೋಗ ಬರುವುದಿಲ್ಲ, ಮೂಗಿನ ದಾರಿಯೊಂದೇ ಅದಕ್ಕೆ ಬೇಕು.

ಉಗುರುಬೆಚ್ಚಗೆ ಮಾಡಿದರೆ ಅಮೀಬಾ ಸಾಯುವುದಿಲ್ಲ. ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ಇನ್ನೂ ಒಂದು ನಿಮಿಷ ಕುದಿಸಿ, ಮುಚ್ಚಿಟ್ಟು, ತಾನಾಗಿ ಆರಲು ಬಿಡಿ. ಆರಿಸಲೆಂದು ತಣ್ಣೀರು ಬೆರೆಸಬೇಡಿ. ಅರ್ಧ ಲೀಟರಿಗೆ ಮಟ್ಟಸವಾದ ಒಂದು ಟೀ ಚಮಚಕ್ಕಿಂತ ಸ್ವಲ್ಪ ಕಡಿಮೆ ಉಪ್ಪು ಸಾಕು. ನೇತಿ ಪಾತ್ರೆಯನ್ನು ತೊಳೆದು ಒಣಗಿಸಿ. ಮನೆಯ ಫಿಲ್ಟರ್ ನೀರನ್ನೂ ಕುದಿಸದೆ ಬಳಸಬೇಡಿ. ಬೇಸಿಗೆಯಲ್ಲಿ ಮೊಮ್ಮಕ್ಕಳು ನಾಲೆಗೆ, ಕೆರೆಗೆ ಧುಮುಕುವುದಾದರೆ ಮೂಗು ಹಿಡಿದುಕೊಳ್ಳಲು ಕಲಿಸಿ.

ಪ್ರಶ್ನೆ: ಬೈಕಿನಿಂದ ಬಿದ್ದು ತಿಂಗಳಾಯಿತು. ಬಗ್ಗಿದರೆ ಬಲಗಡೆ ಮೂಗಿನಿಂದ ನೀರು ತೊಟ್ಟಿಕ್ಕುತ್ತದೆ. ನೆಗಡಿ ಮಾತ್ರೆಗೆ ನಿಲ್ಲುತ್ತಿಲ್ಲ. ವಾಸನೆಯೂ ಗೊತ್ತಾಗುತ್ತಿಲ್ಲ.
— ಯುವಕ, ನಾಗಮಂಗಲ

ಉತ್ತರ: ಈ ಪತ್ರಕ್ಕೆ ಅಂಕಣ ಅಚ್ಚಾಗುವವರೆಗೂ ಕಾಯದೆ ಉತ್ತರ ಕಳಿಸಿದ್ದೇನೆ. ಇತರರಿಗೂ ತಿಳಿಯಲೆಂದು ಇಲ್ಲಿ ಹಾಕಿದ್ದೇನೆ. ಮೇಲೆ ಹೇಳಿದ ಚಾವಣಿ ಬಿರುಕುಬಿಟ್ಟರೆ ಮೆದುಳಿನ ಸುತ್ತಲಿನ ದ್ರವ ಮೂಗಿಗೆ ಸೋರುತ್ತದೆ. ನರದ ಎಳೆಗಳು ಕಿತ್ತುಬಂದಿದ್ದರೆ ವಾಸನೆಯೂ ಹೋಗುತ್ತದೆ. ತಿಳಿನೀರು, ಒಂದೇ ಕಡೆ, ಬಗ್ಗಿದಾಗ ಹೆಚ್ಚು, ಗಂಟಲಿಗೆ ಇಳಿದರೆ ಉಪ್ಪುರುಚಿ, ಇವು ಗುರುತುಗಳು. ದ್ರವ ಹೊರಬರುವ ದಾರಿಯಲ್ಲಿ ಸೋಂಕು ಒಳಹೋಗಬಹುದು, ಮೆದುಳಿನ ಪೊರೆಯ ಜ್ವರ ಬರಬಹುದು. ಮೂಗು ಸೀಟಬೇಡಿ, ಹತ್ತಿ ತುರುಕಬೇಡಿ, ಭಾರ ಎತ್ತಬೇಡಿ. ಆ ನೀರಿನಲ್ಲಿ ಮೆದುಳಿನ ದ್ರವದ ಗುರುತಾದ ಬೀಟಾ-2 ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನ್ ಇದೆಯೇ ಎಂದು ಪರೀಕ್ಷಿಸಿ, ಸಿ.ಟಿ. ಸ್ಕ್ಯಾನ್ ಮಾಡಿ ಜಾಗ ಹುಡುಕುತ್ತಾರೆ. ತಾನಾಗಿ ಮುಚ್ಚದಿದ್ದರೆ ಮೂಗಿನ ಮೂಲಕವೇ ತೇಪೆ ಹಾಕಬಹುದು. ಜ್ವರ, ಕತ್ತು ಬಿಗಿತ ಬಂದರೆ ಅದು ತುರ್ತು.

ಪ್ರಶ್ನೆ: ನಮ್ಮ ಯಜಮಾನರಿಗೆ ಪಿಟ್ಯುಟರಿ ಗಡ್ಡೆ. ಪಕ್ಕದಲ್ಲಿ ಬರುವವರು ಕಾಣುತ್ತಿಲ್ಲ. ಮೂಗಿನಿಂದಲೇ ತೆಗೆಯುತ್ತೇವೆ ಎಂದು ಡಾಕ್ಟರು ಹೇಳಿದ್ದಾರೆ. ಮೆದುಳಿನ ಗಡ್ಡೆಯನ್ನು ಮೂಗಿನಿಂದ ತೆಗೆಯುವುದುಂಟೇ? ಭಯವಾಗುತ್ತಿದೆ.
— ಗೃಹಿಣಿ, ಮಳವಳ್ಳಿ

ಉತ್ತರ: ಉಂಟು ತಾಯಿ, ಮತ್ತು ಅದೇ ಹತ್ತಿರದ ದಾರಿ. ಹೊಳ್ಳೆಯಿಂದ ನೇರ ಹಿಂದಕ್ಕೆ ಹೋದರೆ ಮೂಗಿನ ಕೊನೆಯಲ್ಲಿ ಸ್ಫೀನಾಯ್ಡ್ ಸೈನಸ್ ಸಿಗುತ್ತದೆ. ಅದರ ಚಾವಣಿಯಲ್ಲಿ ಮೂಳೆಯ ಒಂದು ಗುಳಿ, ಆ ಗುಳಿಯಲ್ಲಿ ಅರ್ಧ ಗ್ರಾಮಿನಷ್ಟು ತೂಗುವ ಪಿಟ್ಯುಟರಿ ಎಂಬ ಹಾರ್ಮೋನ್ ಗ್ರಂಥಿ. ಅದರ ಮೇಲೆಯೇ ಎರಡು ಕಣ್ಣಿನ ನರಗಳು ಒಂದನ್ನೊಂದು ಅಡ್ಡಹಾಯುತ್ತವೆ. ಗಡ್ಡೆ ಮೇಲಕ್ಕೆ ಬೆಳೆದು ಅಲ್ಲಿ ಒತ್ತಿದ್ದರಿಂದ ಯಜಮಾನರಿಗೆ ಪಕ್ಕದ ನೋಟ ಹೋಗಿದೆ. ತಲೆ ತೆರೆದು ಹೋದರೆ ಮೆದುಳನ್ನು ಸರಿಸಬೇಕು. ಮೂಗಿನಿಂದ ಹೋದರೆ ಅದನ್ನು ಮುಟ್ಟುವ ಪ್ರಮೇಯವೇ ಹೆಚ್ಚಾಗಿ ಇರುವುದಿಲ್ಲ. ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ಹರ್ಮನ್ ಶ್ಲೋಫರ್ 1907ರಲ್ಲಿ ಈ ದಾರಿಯನ್ನು ಮೊದಲು ಹಿಡಿದಾಗ ಮೂಗನ್ನೇ ಪಕ್ಕಕ್ಕೆ ಮಗುಚಿಡಬೇಕಾಗಿತ್ತು. ಈಗ ಎಂಡೋಸ್ಕೋಪ್ ಹೊಳ್ಳೆಯಲ್ಲೇ ಸಾಗುತ್ತದೆ, ಮುಖದ ಮೇಲೆ ಗಾಯವಿರುವುದಿಲ್ಲ.

ಅಪಾಯವಿಲ್ಲ ಎಂದು ನಾನು ಹೇಳಲಾರೆ. ಆ ಸೈನಸ್‌ನ ಎರಡೂ ಪಕ್ಕದ ಗೋಡೆಗಳ ಆಚೆ ಮೆದುಳಿಗೆ ರಕ್ತ ಒಯ್ಯುವ ಕೆರೊಟಿಡ್ ಧಮನಿಗಳು, ಕಣ್ಣನ್ನು ಆಡಿಸುವ ನರಗಳು ಇವೆ. ಅದಕ್ಕೇ ಮುಂಚಿತವಾಗಿ ಸಿ.ಟಿ., ಎಂ.ಆರ್.ಐ. ಎರಡನ್ನೂ ಮಾಡಿ ಗೋಡೆಗಳನ್ನು ಒಂದೊಂದಾಗಿ ಓದುತ್ತಾರೆ. ನರಶಸ್ತ್ರವೈದ್ಯರೂ ಮೂಗಿನ ವೈದ್ಯರೂ ಜೊತೆಯಲ್ಲಿ ನಿಂತು ಮಾಡುತ್ತಾರೆಯೇ, ಇಂಥ ಶಸ್ತ್ರಚಿಕಿತ್ಸೆ ಅಲ್ಲಿ ಆಗಾಗ ನಡೆಯುತ್ತದೆಯೇ ಎಂದು ಕೇಳಿ. ಕೇಳುವ ಹಕ್ಕು ನಿಮಗಿದೆ, ಒಳ್ಳೆಯ ವೈದ್ಯರು ಬೇಸರಪಡುವುದಿಲ್ಲ. ಮನೆಗೆ ಬಂದ ಮೇಲೆ ವೈದ್ಯರು ಹೇಳುವವರೆಗೆ ಮೂಗು ಸೀಟಬಾರದು, ಸೀನು ಬಂದರೆ ಬಾಯಿ ತೆರೆದು ಸೀನಬೇಕು. ಮೂಗಿನಿಂದ ತಿಳಿನೀರು ಬಂದರೆ, ವಿಪರೀತ ಬಾಯಾರಿಕೆಯಾಗಿ ಮತ್ತೆ ಮತ್ತೆ ಮೂತ್ರಕ್ಕೆ ಹೋಗುವಂತಾದರೆ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಫೋನ್ ಮಾಡಿ.